ಗೇಟಿನ ಪಕ್ಕದ ಅಶೋಕ, ಕಾಡಿನ ಅಶೋಕ: ಒಂದು ತೊಗಟೆಯ ಲೆಕ್ಕಾಚಾರ

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ನಿಂತಿರೋರಿಗೂ, ಅಡುಗೆಮನೇಲಿ ಫೋನನ್ನ ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು ಕೇಳ್ತಿರೋರಿಗೂ, ಕೇಳೋಕೆ ಪುರುಸೊತ್ತಿಲ್ಲದೆ ಇಲ್ಲಿ ಓದ್ತಾ ಇರೋರಿಗೂ ಸ್ವಾಗತ.

ಇವತ್ತಿನ ವಿಷಯ ಒಂದು ಮರದ ತೊಗಟೆ. ಬೋರ್ ಆಗುತ್ತೆ ಅಂತ ಸ್ಕಿಪ್ ಮಾಡಬೇಡಿ. ಈ ತೊಗಟೆಯಿಂದ ಮಾಡಿದ ಔಷಧಿಯ ಹೆಸರನ್ನ ನಿಮ್ಮ ಮನೇಲಿ ಅಮ್ಮನೋ ಅಜ್ಜಿಯೋ ಒಂದು ಸಲವಾದ್ರೂ ಹೇಳಿರ್ತಾರೆ. ಅಶೋಕಾರಿಷ್ಟ. ಮುಟ್ಟಿನ ತೊಂದರೆ ಅಂದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಬರೋ ಹೆಸರು ಅದು. ಅದರ ಮೂಲ ಅಶೋಕ ಮರದ ಚಕ್ಕೆ. ಈಗ ಪ್ರಶ್ನೆ: ಅಶೋಕ ಮರ ಅಂದ್ರೆ ನಿಮ್ಮ ಕಣ್ಮುಂದೆ ಯಾವ ಮರ ಬರುತ್ತೆ?

ಶಾಲೆಯ ಕಾಂಪೌಂಡು, ಕಲ್ಯಾಣ ಮಂಟಪದ ಗೇಟು, ಅಪಾರ್ಟ್‌ಮೆಂಟಿನ ದಾರಿ, ಇಲ್ಲೆಲ್ಲ ಸಾಲಾಗಿ, ಕಂಬ ನೆಟ್ಟ ಹಾಗೆ ನೇರವಾಗಿ, ಕೊಂಬೆಗಳನ್ನ ಮೈಗೆ ಅಂಟಿಸಿಕೊಂಡು ನಿಂತಿರೋ ಮರ. ಉದ್ದನೆ ಎಲೆ, ಅಂಚು ಅಲೆ ಅಲೆಯಾಗಿರುತ್ತೆ. ಹೆಚ್ಚಿನವರಿಗೆ ಅದೇ ಅಶೋಕ. ನರ್ಸರಿಯವರೂ ಅದನ್ನೇ ಅಶೋಕ ಅಂತ ಮಾರ್ತಾರೆ. ಆದ್ರೆ ಆಯುರ್ವೇದ ಹೇಳೋ ಅಶೋಕ ಅದಲ್ಲ. ಹತ್ತಿರದ ಸಂಬಂಧಿಯೂ ಅಲ್ಲ.

ಹೆಸರಿನ ಗೊಂದಲ ಅಷ್ಟೇ ಆಗಿದ್ರೆ ಇದಕ್ಕೊಂದು ಸಂಚಿಕೆ ಬೇಕಿರಲಿಲ್ಲ. ಈ ಗೊಂದಲ ಕೆಲವು ಹೆಂಗಸರ ದೇಹದ ಮೇಲೆ, ನಮ್ಮ ಪಶ್ಚಿಮ ಘಟ್ಟದ ಕಾಡಿನ ಮೇಲೆ ಬಿಲ್ ಹಾಕ್ತಾ ಇದೆ. ನಾನು ಓದಿದ್ದು ಬಿ.ಕಾಂ. ವೈದ್ಯ ಅಲ್ಲ, ಸಸ್ಯವಿಜ್ಞಾನಿಯೂ ಅಲ್ಲ. ಆದ್ರೆ ಈ ಕಥೆಯ ಒಳಗೆ ಒಂದು ಮಾರುಕಟ್ಟೆ ಇದೆ, ಅದರ ಲೆಕ್ಕ ನನಗೆ ಸ್ವಲ್ಪ ಅರ್ಥ ಆಗುತ್ತೆ. ಅಲ್ಲಿಂದಲೇ ಹಿಡಿದು ಹೋಗೋಣ.

ಎರಡು ಮರ, ಒಂದು ಹೆಸರು

ಮೊದಲು ಎರಡನ್ನೂ ಗುರುತು ಹಿಡಿಯೋಣ.

ಗೇಟಿನ ಪಕ್ಕದ ಮರದ ವೈಜ್ಞಾನಿಕ ಹೆಸರು ಪಾಲಿಯಾಲ್ಥಿಯಾ ಲಾಂಗಿಫೋಲಿಯಾ. ಈಗ ಮೊನೂನ್ ಲಾಂಗಿಫೋಲಿಯಂ ಅಂತಲೂ ಕರೀತಾರೆ. ಇದು ಸೀತಾಫಲದ ಕುಟುಂಬಕ್ಕೆ ಸೇರಿದ್ದು. ಹೂ ಬಿಟ್ಟಿದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ, ಯಾಕಂದ್ರೆ ಹೂವೂ ತಿಳಿ ಹಸಿರು ಬಣ್ಣದ್ದೇ, ನಕ್ಷತ್ರದ ಹಾಗೆ. ಆಮೇಲೆ ಕಪ್ಪು ನೇರಳೆ ಬಣ್ಣದ ಹಣ್ಣು ಗೊಂಚಲಾಗಿ ಬರುತ್ತೆ, ಬಾವಲಿ ಮತ್ತೆ ಕೋಗಿಲೆಗೆ ಅದು ಹಬ್ಬದೂಟ. ನೇರವಾಗಿ ಬೆಳೆಯೋ ಇದರ ಕಾಂಡವನ್ನ ಹಿಂದೆ ಹಾಯಿ ಹಡಗಿನ ಪಟಸ್ತಂಭಕ್ಕೆ ಬಳಸ್ತಿದ್ರು.

ನಿಜವಾದ ಅಶೋಕದ ಹೆಸರು ಸರಾಕಾ ಅಶೋಕ. ಇದು ಹುಣಸೆ, ಹೊನ್ನೆ ಎಲ್ಲ ಸೇರಿರೋ ದ್ವಿದಳ ಧಾನ್ಯದ ದೊಡ್ಡ ಕುಟುಂಬದ್ದು. ಜನ ಇದನ್ನ ಸೀತಾ ಅಶೋಕ ಅಂತಾರೆ. ಹಳಗನ್ನಡದಲ್ಲಿ ಇದಕ್ಕೆ ಚಂದದ ಹೆಸರಿದೆ, ಅಸುಗೆ. ಇದು ಕಂಬದ ಹಾಗೆ ಮೇಲಕ್ಕೆ ಓಡಲ್ಲ, ಹರಡಿಕೊಂಡು ನೆರಳು ಕೊಡುತ್ತೆ. ಒಂದೇ ಕಡ್ಡಿಯಲ್ಲಿ ಎರಡೂ ಬದಿಗೆ ಜೋಡಿ ಜೋಡಿಯಾಗಿ ಎಲೆ. ಚಿಗುರು ಬಂದಾಗ ನೋಡಬೇಕು, ತಾಮ್ರದ ಬಣ್ಣದ ಎಳೆ ಎಲೆಗಳು ಒದ್ದೆ ಬಟ್ಟೆ ಹಾಗೆ ಜೋತುಬಿದ್ದಿರುತ್ತವೆ. ಬೇಸಿಗೆಯ ಹೊತ್ತಿಗೆ ಹೂ. ಮೊದಲು ಕಿತ್ತಳೆ ಹಳದಿ, ಆಮೇಲೆ ದಿನ ಕಳೆದ ಹಾಗೆ ಕೆಂಪು. ಅದರಲ್ಲಿ ನಾವು ಎಸಳು ಅಂದುಕೊಳ್ಳೋದು ಎಸಳೇ ಅಲ್ಲ, ಬಣ್ಣ ಬಂದ ಪುಷ್ಪಪತ್ರಗಳು. ಹೂಗೊಂಚಲು ಬರೀ ತುದೀಲಿ ಅಲ್ಲ, ಬಲಿತ ಕೊಂಬೆ ಮತ್ತೆ ಕಾಂಡದ ಮೇಲೂ ಅಂಟಿದ ಹಾಗೆ ಬರುತ್ತೆ. ಕಾಯಿ ಚಪ್ಪಟೆ, ಅವರೆಕಾಯಿಯ ದೊಡ್ಡಣ್ಣನ ಹಾಗೆ.

ಒಂದೇ ಸಾಲಲ್ಲಿ ನೆನಪಿಟ್ಟುಕೊಳ್ಳಿ: ಕಡ್ಡಿಗೆ ಒಂದೊಂದೇ ಉದ್ದ ಎಲೆ, ಹಸಿರು ಹೂ ಇದ್ರೆ ಗೇಟಿನ ಅಶೋಕ. ಜೋಡಿ ಎಲೆ, ಕಿತ್ತಳೆ-ಕೆಂಪು ಗೊಂಚಲು ಇದ್ರೆ ಸೀತಾ ಅಶೋಕ. ಬೆಂಗಳೂರಿನಲ್ಲಿ ಇರೋರು ಲಾಲ್‌ಬಾಗಿಗೆ ಹೋಗಿ ಸೀತಾ ಅಶೋಕವನ್ನ ನೋಡಿ ಬರಬಹುದು. ಹೂವಿನ ಕಾಲದಲ್ಲಿ ಹೋದ್ರೆ ಹುಡುಕೋ ಕಷ್ಟವೇ ಇಲ್ಲ.

ಸೀತಾ ಅಶೋಕವೂ ಉದ್ಯಾನದ ಮರವೇ. ಅಲಂಕಾರಕ್ಕೆ ಅಂತ ನಮ್ಮವರು ಶತಮಾನಗಳಿಂದ ಬೆಳೆಸಿದ್ದಾರೆ. ರಾಮಾಯಣದ ಅಶೋಕವನ ಎಲ್ಲರಿಗೂ ಗೊತ್ತು. ಕಾಳಿದಾಸನ ‘ಮಾಳವಿಕಾಗ್ನಿಮಿತ್ರ’ದಲ್ಲಂತೂ ಹೂ ಬಿಡದ ಅಶೋಕ ಮರವನ್ನ ಕಾಲಲ್ಲಿ ಒದೆಯೋಕೆ ರಾಣಿ ಬದಲು ಮಾಳವಿಕೆ ಬರ್ತಾಳೆ. ಹೆಣ್ಣಿನ ಪಾದ ತಾಕಿದ್ರೆ ಅಶೋಕ ಅರಳುತ್ತೆ ಅನ್ನೋದು ಹಳೇ ನಂಬಿಕೆ. ಒಡಿಶಾ ರಾಜ್ಯದ ಹೂ ಇದೇ. ಭುವನೇಶ್ವರದಲ್ಲಿ ಚೈತ್ರ ಮಾಸದ ಅಶೋಕಾಷ್ಟಮಿಗೆ ಲಿಂಗರಾಜನ ರಥ ಎಳೀತಾರೆ. ಬಂಗಾಳದ ಕಡೆ ಅಮ್ಮಂದಿರು ಮಕ್ಕಳ ಒಳಿತಿಗೆ ಅಂತ ಅಶೋಕದ ಮೊಗ್ಗು ನುಂಗೋ ವ್ರತ ಇದೆ. ಅಂದ್ರೆ ಈ ಮರವನ್ನ ಹೆಣ್ಣಿನ ಬದುಕಿಗೆ ಜೋಡಿಸಿ ನೋಡಿದ್ದು ಬರೀ ವೈದ್ಯರಲ್ಲ.

ತೊಗಟೆಯಲ್ಲಿ ಏನಿದೆ?

ಆಯುರ್ವೇದದ ಗ್ರಂಥಗಳಲ್ಲಿ ಅಶೋಕ ಬೇರೆ ಬೇರೆ ಕಡೆ ಬರುತ್ತೆ. ಚರಕ ಸಂಹಿತೆಯಲ್ಲಿ ನೋವು ತಗ್ಗಿಸೋ ಹತ್ತು ದ್ರವ್ಯಗಳ ಒಂದು ಗುಂಪಿದೆ, ವೇದನಾಸ್ಥಾಪನ ಅಂತ. ಅದರಲ್ಲಿ ಅಶೋಕ ಇದೆ. ಸುಶ್ರುತದಲ್ಲಿ ಲೋಧ್ರಾದಿ ಗಣದಲ್ಲಿ ಇದೆ. ಮುಂದೆ ಚಕ್ರಪಾಣಿದತ್ತನ ‘ಚಕ್ರದತ್ತ’ದ ಹೊತ್ತಿಗೆ ಮುಟ್ಟಿನ ಅತಿಸ್ರಾವಕ್ಕೆ ಅಶೋಕದ ತೊಗಟೆಯನ್ನ ಹಾಲಲ್ಲಿ ಕುದಿಸಿ ಕೊಡೋ ಪದ್ಧತಿ ಸ್ಪಷ್ಟವಾಗಿ ಸಿಗುತ್ತೆ. ಅತಿಸ್ರಾವಕ್ಕೆ ಅವರ ಹೆಸರು ಅಸೃಗ್ದರ, ರಕ್ತಪ್ರದರ. ಇದರ ಜೊತೆಗೆ ಬಿಳಿಸೆರಗು, ರಕ್ತ ಬೀಳೋ ಮೂಲವ್ಯಾಧಿ, ಇವಕ್ಕೂ ತೊಗಟೆ ಬಳಸ್ತಾ ಬಂದಿದ್ದಾರೆ.

ಹಾಲಲ್ಲಿ ಕುದಿಸೋದಕ್ಕೆ ಕ್ಷೀರಪಾಕ ಅಂತಾರೆ. ಅದರ ಸಾಮಾನ್ಯ ಲೆಕ್ಕ ಒಂದು ಪಾಲು ಔಷಧಿ, ಎಂಟು ಪಾಲು ಹಾಲು, ಮೂವತ್ತೆರಡು ಪಾಲು ನೀರು. ನೀರೆಲ್ಲ ಆರಿ ಹಾಲು ಮಾತ್ರ ಉಳಿಯೋವರೆಗೆ ಸಣ್ಣ ಉರೀಲಿ ಕಾಯಿಸಬೇಕು. ತೊಗಟೆ ತುಂಬಾ ಒಗರು. ಹಾಲು ಆ ಒಗರನ್ನ ಸ್ವಲ್ಪ ಮೆದು ಮಾಡುತ್ತೆ.

ಆ ಒಗರೇ ಇಲ್ಲಿ ಮುಖ್ಯ. ಅಡಿಕೆ ಅಗಿದಾಗ, ಸ್ಟ್ರಾಂಗ್ ಟೀ ಕುಡಿದಾಗ ಬಾಯಿ ಒಣಗಿ ಬಿಗಿದ ಹಾಗೆ ಆಗುತ್ತಲ್ಲ, ಅದಕ್ಕೆ ಕಾರಣ ಟ್ಯಾನಿನ್ ಗುಂಪಿನ ರಾಸಾಯನಿಕಗಳು. ಅವು ಪ್ರೋಟೀನಿಗೆ ಅಂಟಿಕೊಂಡು ಅದನ್ನ ಬಿಗಿ ಮಾಡುತ್ತವೆ. ಅಶೋಕದ ತೊಗಟೆಯಲ್ಲಿ ಟ್ಯಾನಿನ್, ಕ್ಯಾಟೆಚಿನ್ ಜಾಸ್ತಿ. ಹಳಬರು ಇದನ್ನ ನಾಲಿಗೆಯಿಂದಲೇ ಪತ್ತೆ ಮಾಡಿದ್ರು. ಕಷಾಯ ರಸ, ಅಂದ್ರೆ ಒಗರು ಇರೋದು ಹರಿಯೋದನ್ನ ತಡೆಯುತ್ತೆ ಅನ್ನೋದು ಅವರ ಸೂತ್ರ.

ಹಾಗಾದ್ರೆ ಇದು ಕೆಲಸ ಮಾಡುತ್ತಾ? ಸಾವಿರ ವರ್ಷದ ಬಳಕೆಯನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ. ಪ್ರಯೋಗಾಲಯದಲ್ಲಿ, ಪ್ರಾಣಿಗಳ ಮೇಲೆ ಇದರ ಸಾರದ ಪರೀಕ್ಷೆಗಳೂ ಆಗಿವೆ. ಆದ್ರೆ ಇಂದಿನ ವೈದ್ಯಕೀಯ ಕೇಳೋ ಮಟ್ಟದ, ನೂರಾರು ಹೆಂಗಸರನ್ನ ಒಳಗೊಂಡ, ಹೋಲಿಕೆ ಮಾಡಿ ನೋಡೋ ದೊಡ್ಡ ಪ್ರಯೋಗಗಳು ಬಹಳ ಕಡಿಮೆ. ಹಾಗಾಗಿ ‘ಅಶೋಕ ಒಂದಿದ್ರೆ ಸಾಕು, ಎಲ್ಲ ವಾಸಿ’ ಅನ್ನೋ ರೀಲ್ಸ್ ಕೂಡ ನಂಬಬೇಡಿ, ‘ಅದೆಲ್ಲ ಬರೀ ಕಟ್ಟುಕಥೆ’ ಅನ್ನೋ ರೀಲ್ಸ್ ಕೂಡ ನಂಬಬೇಡಿ.

ಒಂದು ಬಾಟಲಿಗೆ ಎಷ್ಟು ಮರ?

ಈಗ ನನ್ನ ಸಬ್ಜೆಕ್ಟಿಗೆ ಬರ್ತೀನಿ. ಅಶೋಕಾರಿಷ್ಟದ ಸೂತ್ರ ಗುಟ್ಟೇನಲ್ಲ, ‘ಭೈಷಜ್ಯ ರತ್ನಾವಳಿ’ಯಲ್ಲಿದೆ. ಸರ್ಕಾರದ ಆಯುರ್ವೇದ ಸೂತ್ರಸಂಗ್ರಹದಲ್ಲೂ ಕಿಲೋ ಲೆಕ್ಕದಲ್ಲಿ ಕೊಟ್ಟಿದ್ದಾರೆ. ನೂರು ಪಲ ತೊಗಟೆ, ಅಂದ್ರೆ 4.8 ಕಿಲೋ. ಸುಮಾರು 49 ಲೀಟರ್ ನೀರಲ್ಲಿ ಕುದಿಸಿ ನಾಲ್ಕನೇ ಒಂದು ಭಾಗಕ್ಕೆ, ಸುಮಾರು 12 ಲೀಟರಿಗೆ ಇಳಿಸಬೇಕು. ಅದಕ್ಕೆ 9.6 ಕಿಲೋ ಬೆಲ್ಲ, ಧಾತಕಿ ಹೂ, ಜೊತೆಗೆ ಶುಂಠಿ, ಜೀರಿಗೆ, ತ್ರಿಫಲೆ, ಮಾವಿನ ಓಟೆಯ ತಿರುಳು, ಶ್ರೀಗಂಧ, ಆಡುಸೋಗೆ ಇಂಥವೆಲ್ಲ ಸ್ವಲ್ಪ ಸ್ವಲ್ಪ. ಮುಚ್ಚಿಟ್ಟು ಹುದುಗು ಬರಿಸಬೇಕು. ಹುದುಗಿನಿಂದ ತಾನಾಗೇ ಆಲ್ಕೋಹಾಲ್ ಹುಟ್ಟುತ್ತೆ. ಬಾಟಲಿ ಮೇಲೆ ಸಣ್ಣ ಅಕ್ಷರದಲ್ಲಿ ಶೇ. 5ರಿಂದ 10 ಅಂತ ಬರೆದಿರ್ತಾರಲ್ಲ, ಅದು ಇದೇ.

ಬೆಲ್ಲ ಕರಗಿದಾಗ ಒಟ್ಟು ಪ್ರಮಾಣ ಹೆಚ್ಚಾಗುತ್ತೆ, ಹದಿನೆಂಟು ಲೀಟರ್ ಅಂತಲೇ ಇಟ್ಟುಕೊಳ್ಳಿ. 4.8 ಕಿಲೋ ತೊಗಟೆಯನ್ನ ಅದಕ್ಕೆ ಭಾಗಿಸಿ. 450 ಎಂ.ಎಲ್. ಬಾಟಲಿ ಒಂದಕ್ಕೆ ನೂರು ಗ್ರಾಂಗಿಂತ ಹೆಚ್ಚು ತೊಗಟೆ ಬೇಕು. ಒಂದು ಲಕ್ಷ ಬಾಟಲಿಗೆ ಹತ್ತು ಟನ್‌ಗಿಂತ ಹೆಚ್ಚು. ನಮ್ಮ ದೇಶದಲ್ಲಿ ಇದನ್ನ ತಯಾರಿಸೋ ಕಂಪನಿಗಳು ಒಂದೆರಡಲ್ಲ. ಪುಡಿ, ಮಾತ್ರೆ, ಸಿರಪ್ ಬೇರೆ ಇವೆ.

ಇಷ್ಟು ತೊಗಟೆ ಎಲ್ಲಿಂದ ಬರುತ್ತೆ? ಸೀತಾ ಅಶೋಕ ಕಾಡಲ್ಲಿ ಬೆಳೆಯೋದು ನಮ್ಮ ಘಟ್ಟದ ತಪ್ಪಲಿನ ನಿತ್ಯಹರಿದ್ವರ್ಣ ಕಾಡಲ್ಲಿ, ಹಳ್ಳದ ದಂಡೇಲಿ, ತಂಪು ಇರೋ ಕಡೆ. ಕರ್ನಾಟಕ, ಕೇರಳ, ಒಡಿಶಾ, ಈಶಾನ್ಯದ ಕೆಲವು ಕಡೆ. ಎಲ್ಲ ಕಡೆಯೂ ದಂಡಿಯಾಗಿ ಇರೋ ಮರ ಅಲ್ಲ. ತೊಗಟೆ ಕೊಡೋ ಹಾಗೆ ಬಲಿಯೋಕೆ ಹದಿನೈದು ಇಪ್ಪತ್ತು ವರ್ಷ ಬೇಕು. ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನ ತನ್ನ ಕೆಂಪು ಪಟ್ಟಿಯಲ್ಲಿ ‘ಅಪಾಯಕ್ಕೆ ಸಿಲುಕಬಹುದಾದ’ ಪ್ರಭೇದ ಅಂತ ಸೇರಿಸಿದೆ.

ತೊಗಟೆ ತೆಗೆಯೋ ರೀತಿಯೂ ತೊಂದರೆಯೇ. ಹಣ್ಣು ಕಿತ್ತರೆ ಮರ ಬದುಕುತ್ತೆ, ಎಲೆ ಕಿತ್ತರೂ ಬದುಕುತ್ತೆ. ತೊಗಟೆಯನ್ನ ಸುತ್ತಲೂ ಸುಲಿದ್ರೆ ಮರ ಸಾಯುತ್ತೆ. ಯಾಕೆ ಅಂದ್ರೆ ಎಲೆ ಮಾಡಿದ ಆಹಾರ ಬೇರಿಗೆ ಇಳಿಯೋದು ತೊಗಟೆಯ ಒಳಪದರದ ಮೂಲಕ. ಆ ಪದರ ಉಂಗುರದ ಹಾಗೆ ಕತ್ತರಿಸಿ ಹೋದ್ರೆ ಬೇರು ಹಸಿವಿನಿಂದ ಸಾಯುತ್ತೆ, ಸ್ವಲ್ಪ ದಿನಕ್ಕೆ ಮರವೂ ಒಣಗುತ್ತೆ. ಸರಿಯಾದ ಕ್ರಮ ಅಂದ್ರೆ ಬಲಿತ ಮರದಿಂದ ಉದ್ದುದ್ದಕ್ಕೆ ಕಿರಿದಾದ ಪಟ್ಟಿ ಮಾತ್ರ ತೆಗೆದು, ಒಳಗಿನ ಮರಕ್ಕೆ ಗಾಯ ಆಗದ ಹಾಗೆ ನೋಡಿ, ಅದು ಮತ್ತೆ ಕೂಡಿಕೊಳ್ಳೋಕೆ ವರ್ಷಗಟ್ಟಲೆ ಬಿಡೋದು. ಹಳೇ ನಾಟಿ ವೈದ್ಯರು ತಮಗೆ ಬೇಕಾದಷ್ಟೇ ಕೆತ್ತುತ್ತಿದ್ರು, ನಾಳೆಯೂ ಅದೇ ಮರಕ್ಕೆ ಬರಬೇಕಿತ್ತಲ್ಲ. ಕಿಲೋ ಲೆಕ್ಕದಲ್ಲಿ ದುಡ್ಡು ಸಿಗೋ ಕಡೆ, ರಾತ್ರಿ ಕದ್ದು ಸುಲಿಯೋ ಕಡೆ, ಆ ತಾಳ್ಮೆ ಎಲ್ಲಿರುತ್ತೆ?

ಗ್ರಂಥಿಗೆ ಅಂಗಡಿಯ ಮೂಟೆ

ಬೇಡಿಕೆ ಜಾಸ್ತಿ, ಸರಕು ಕಡಿಮೆ. ಆದ್ರೂ ಅಂಗಡೀಲಿ ಅಶೋಕದ ಚಕ್ಕೆಗೆ ಯಾವತ್ತೂ ಬರ ಇಲ್ಲ. ಇದು ಹೇಗೆ?

ಈ ಸಂಚಿಕೆಗೆ ಅಂತ ನಾನು ಬೆಂಗಳೂರು ಪೇಟೆಯ ಒಂದು ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ಗೊತ್ತಿಲ್ಲದವರಿಗೆ, ಗ್ರಂಥಿಗೆ ಅಂಗಡಿ ಅಂದ್ರೆ ಬೇರು, ನಾರು, ಪೂಜೆ ಸಾಮಾನು, ಔಷಧಿ ಸಾಮಾನು ಎಲ್ಲ ಮಾರೋ ಅಂಗಡಿ. ಅಶೋಕ ಚಕ್ಕೆ ಕೇಳಿದೆ. ಅಂಗಡಿಯ ಹಿರಿಯರು ಮೂಟೆಯಿಂದ ಒಂದು ಹಿಡಿ ತೆಗೆದು ಪೇಪರಿನ ಮೇಲೆ ಹಾಕಿದ್ರು. ‘ಇದು ಸೀತಾ ಅಶೋಕದ್ದೇನಾ ಯಜಮಾನ್ರೇ?’ ಅಂತ ಕೇಳಿದೆ. ಅವರು ಸ್ವಲ್ಪವೂ ಮುಚ್ಚಿಡದೆ ಹೇಳಿದ್ರು: ‘ಚಕ್ಕೆ ನೋಡಿ ಮರ ಹೇಳೋದು ನಮ್ಮಪ್ಪನಿಗೆ ಬರ್ತಿತ್ತಪ್ಪ. ನನಗೆ ಮೂಟೆ ಮೇಲಿನ ಚೀಟಿ ಓದೋಕೆ ಬರುತ್ತೆ.’

ಅವರು ಮೋಸಗಾರರಲ್ಲ. ಅವರಿಗೆ ಮಾರಿದ ಸಗಟು ವ್ಯಾಪಾರಿಗೂ ಬಹುಶಃ ಗೊತ್ತಿರಲ್ಲ. ಕಾಡಿಂದ ಅಂಗಡಿವರೆಗೆ ಮೂರ್ನಾಲ್ಕು ಕೈ ದಾಟುತ್ತೆ, ಪ್ರತಿ ಕೈಯಲ್ಲೂ ಚೀಟಿ ಮಾತ್ರ ಮುಂದೆ ಹೋಗುತ್ತೆ. ಎಲೆ ಇಲ್ಲ, ಹೂ ಇಲ್ಲ, ಕಂದು ಬಣ್ಣದ ಒಣ ತುಂಡು ಅಷ್ಟೇ. ಅದರಲ್ಲಿ ಗೇಟಿನ ಅಶೋಕದ ತೊಗಟೆ ಸೇರಬಹುದು, ಸಾಲ್ ಮರದ್ದು ಸೇರಬಹುದು. ಗೇಟಿನ ಅಶೋಕವಂತೂ ಊರೂರಲ್ಲಿ ಇದೆ, ಕಡಿದವರನ್ನ ಯಾರೂ ಕೇಳಲ್ಲ, ಹೆಸರೂ ಅದೇ. ಬಿಲ್ಲಲ್ಲಿ ‘ಅಶೋಕ’ ಅಂತ ಬರೆದ್ರೆ ಸುಳ್ಳು ಬರೆದ ಹಾಗೂ ಆಗಲ್ಲ!

ಇದು ನನ್ನ ಅನುಮಾನ ಮಾತ್ರ ಅಲ್ಲ. 2016ರಲ್ಲಿ ಒಂದು ಸಂಶೋಧನೆ ಪ್ರಕಟ ಆಯ್ತು. ಬೆಂಗಳೂರಿನ ವಿಜ್ಞಾನಿಗಳೂ ಇದ್ದ ತಂಡ ಅದು. ಮಾರುಕಟ್ಟೆಯಲ್ಲಿ ಅಶೋಕ ಅಂತ ಮಾರೋ ತೊಗಟೆಯ ಮಾದರಿಗಳನ್ನ ತಂದು ಡಿಎನ್‌ಎ ಬಾರ್‌ಕೋಡಿಂಗ್ ಮಾಡಿದ್ರು. ಸೂಪರ್ ಮಾರ್ಕೆಟ್‌ನಲ್ಲಿ ಸೋಪಿನ ಬಾರ್‌ಕೋಡ್ ಸ್ಕ್ಯಾನ್ ಮಾಡಿದ್ರೆ ಯಾವ ಸೋಪು ಅಂತ ಬರುತ್ತಲ್ಲ, ಹಾಗೇ ಗಿಡದ ಡಿಎನ್‌ಎಯ ಒಂದು ಚಿಕ್ಕ ತುಣುಕು ಓದಿ ಯಾವ ಗಿಡ ಅಂತ ಹೇಳೋ ವಿಧಾನ. ಫಲಿತಾಂಶ ಏನು ಗೊತ್ತಾ? ಶೇ. 80ಕ್ಕೂ ಹೆಚ್ಚು ಮಾದರಿಗಳು ಅಶೋಕವೇ ಅಲ್ಲ. ಬೇರೆ ಬೇರೆ ಕುಟುಂಬದ ಮರಗಳ ತೊಗಟೆ.

ಇನ್ನೊಂದ್ಸಲ ಹೇಳ್ತೀನಿ. ಐದು ಪೊಟ್ಟಣ ತಂದ್ರೆ ನಾಲ್ಕರಲ್ಲಿ ಬೇರೆ ಏನೋ ಇತ್ತು.

ಕಾಮರ್ಸ್ ಓದಿದವರಿಗೆ ಇದು ಪರಿಚಿತ ಕಥೆ. 1970ರಲ್ಲಿ ಜಾರ್ಜ್ ಅಕರ್ಲಾಫ್ ಅನ್ನೋ ಅರ್ಥಶಾಸ್ತ್ರಜ್ಞರು ಸೆಕೆಂಡ್ ಹ್ಯಾಂಡ್ ಕಾರುಗಳ ಬಗ್ಗೆ ಒಂದು ಪ್ರಬಂಧ ಬರೆದ್ರು, 2001ರಲ್ಲಿ ಅವರಿಗೆ ನೊಬೆಲ್ ಕೂಡ ಬಂತು. ಅವರು ಹೇಳಿದ್ದು ಇಷ್ಟು: ಕೊಳ್ಳುವವನಿಗೆ ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಗೊತ್ತಾಗದ ಮಾರುಕಟ್ಟೆಯಲ್ಲಿ ಅವನು ಎಲ್ಲದಕ್ಕೂ ಸಾಧಾರಣ ಬೆಲೆಯನ್ನೇ ಕೊಡ್ತಾನೆ. ಆ ಬೆಲೆಗೆ ಒಳ್ಳೇ ಸರಕು ಇರೋನಿಗೆ ಗಿಟ್ಟಲ್ಲ, ಅವನು ಹೊರಗೆ ಹೋಗ್ತಾನೆ. ಕೆಟ್ಟ ಸರಕು ಉಳಿಯುತ್ತೆ. ಅಶೋಕದ ತೊಗಟೆಗೆ ಇದನ್ನ ಹಚ್ಚಿ ನೋಡಿ. ಒಬ್ಬ ರೈತ ತನ್ನ ತೋಟದಲ್ಲಿ ಇಪ್ಪತ್ತು ವರ್ಷ ಸೀತಾ ಅಶೋಕ ಬೆಳೆಸಿ, ಮರ ಸಾಯದ ಹಾಗೆ ತೊಗಟೆ ತೆಗೆದು ಮಾರೋಕೆ ಬಂದ್ರೆ ಅವನಿಗೆ ಸಿಗೋ ಬೆಲೆಯನ್ನ ನಿರ್ಧರಿಸೋದು ಪಕ್ಕದ ಮೂಟೆಯ ನಕಲಿ ಚಕ್ಕೆ. ಅವನು ಯಾಕೆ ಬೆಳೀತಾನೆ? ಅಡಿಕೆ ಹಾಕ್ತಾನೆ.

ನಕಲಿ ಬಂದ್ರೆ ಕಾಡಿನ ಅಸಲಿ ಮರ ಉಳಿಯುತ್ತಲ್ಲ ಅಂತ ನಿಮಗೆ ಅನ್ನಿಸಬಹುದು. ಹಾಗೂ ಆಗ್ತಿಲ್ಲ. ಕಾಡಿಂದ ಕದ್ದು ತಂದವನಿಗೆ ಬೆಳೆಸಿದ ಖರ್ಚೇ ಇಲ್ಲ, ಯಾವ ಬೆಲೆ ಬಂದ್ರೂ ಲಾಭವೇ. ನಷ್ಟ ಆಗೋದು ನ್ಯಾಯವಾಗಿ ಬೆಳೆಯೋನಿಗೆ ಮಾತ್ರ.

ಕುಡಿಯೋರ ಕಡೆಯಿಂದ

ಇಷ್ಟು ಹೊತ್ತು ಮರದ ಲೆಕ್ಕ ಆಯ್ತು. ಈಗ ಮನುಷ್ಯರ ಲೆಕ್ಕ.

ನಮ್ಮ ದೊಡ್ಡಮ್ಮನ ಮಗಳ ವಿಷಯ ಹೇಳ್ತೀನಿ. ಅವಳ ಒಪ್ಪಿಗೆ ತಗೊಂಡೇ ಹೇಳ್ತಿದ್ದೀನಿ. ಅಕ್ಕನಿಗೆ ಮೂವತ್ತೆಂಟು ವರ್ಷ. ಮುಟ್ಟಾದ್ರೆ ಹತ್ತು ದಿನ ನಿಲ್ತಿರಲಿಲ್ಲ. ಡಾಕ್ಟರ ಹತ್ರ ಹೋಗೋಕೆ ಸಂಕೋಚ. ಯಾವುದೋ ವಿಡಿಯೋದಲ್ಲಿ ‘ಮನೆ ಮುಂದಿನ ಅಶೋಕ ಮರದ ತೊಗಟೆ ಕಷಾಯ’ ಅಂತ ನೋಡಿ, ಅಪಾರ್ಟ್‌ಮೆಂಟಿನ ಕಾಂಪೌಂಡ್ ಪಕ್ಕದ ಮರದಿಂದಲೇ ಚಕ್ಕೆ ಕೆತ್ತಿಸಿ, ಆರು ತಿಂಗಳು ಕುದಿಸಿ ಕುಡಿದಿದ್ದಾಳೆ. ನೀವು ಈಗಾಗಲೇ ಊಹಿಸಿರ್ತೀರ, ಅದು ಉದ್ದ ಎಲೆಯ ಗೇಟಿನ ಅಶೋಕ. ಮೆಟ್ಟಿಲು ಹತ್ತೋಕೆ ಏದುಸಿರು ಬಂದು, ಒಂದು ದಿನ ಆಫೀಸಿನಲ್ಲಿ ತಲೆ ಸುತ್ತಿ ಕೂತುಬಿಟ್ಟಳು. ಆಸ್ಪತ್ರೇಲಿ ನೋಡಿದ್ರೆ ಹಿಮೋಗ್ಲೋಬಿನ್ ಏಳಕ್ಕಿಂತ ಕೆಳಗೆ. ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಗಡ್ಡೆ, ಫೈಬ್ರಾಯ್ಡ್. ರಕ್ತ ಏರಿಸಿ, ಆಮೇಲೆ ಆಪರೇಷನ್ ಮಾಡಿ, ಈಗ ಚೆನ್ನಾಗಿದ್ದಾಳೆ.

ಅವಳು ಅಸಲಿ ತೊಗಟೆಯನ್ನೇ ಕುಡಿದಿದ್ರೂ ಆ ಗಡ್ಡೆ ಅಲ್ಲೇ ಇರ್ತಿತ್ತು. ನಕಲಿಯಿಂದ ಆದ ಮೋಸ ಒಂದು ಕಡೆ. ಕಾರಣ ಏನು ಅಂತ ತಿಳಿಯದೆ ಆರು ತಿಂಗಳು ಕಳೆದಿದ್ದು ಅದಕ್ಕಿಂತ ದೊಡ್ಡದು. ಅತಿ ರಕ್ತಸ್ರಾವಕ್ಕೆ ಕಾರಣ ಗಡ್ಡೆ ಇರಬಹುದು, ಥೈರಾಯ್ಡ್ ಇರಬಹುದು, ರಕ್ತ ಹೆಪ್ಪುಗಟ್ಟೋ ತೊಂದರೆ ಇರಬಹುದು, ಅಪರೂಪಕ್ಕೆ ಕ್ಯಾನ್ಸರ್ ಕೂಡ ಇರಬಹುದು. ಇದನ್ನ ಒಳ್ಳೇ ಆಯುರ್ವೇದ ವೈದ್ಯರೂ ಹೇಳ್ತಾರೆ, ಮೊದಲು ಸ್ಕ್ಯಾನ್ ಮಾಡಿಸಿಕೊಂಡು ಬನ್ನಿ ಅಂತ.

ನಮ್ಮ ರಾಜ್ಯದಲ್ಲಿ ಇದು ಸಣ್ಣ ಮಾತಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, 2019-21ರದ್ದು, ಅದರ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಇದೆ. ದೇಶದ ಲೆಕ್ಕ ಶೇ. 57. ಮೊದಲೇ ರಕ್ತ ಕಡಿಮೆ ಇರೋ ದೇಹದಿಂದ ತಿಂಗಳು ತಿಂಗಳು ಇನ್ನಷ್ಟು ಹೋಗ್ತಾ ಇದ್ರೆ ಕಾಯೋಕೆ ಟೈಮ್ ಇರಲ್ಲ.

ಹಾಗಾಗಿ ಇದನ್ನ ನಿಮ್ಮ ಅಕ್ಕ, ತಂಗಿ, ಅಮ್ಮ, ಗೆಳತಿಯರಿಗೆ ಕಳಿಸಿ. ಹುಡುಗರೂ ಕೇಳಿಸಿಕೊಳ್ಳಿ, ನಿಮ್ಮ ಮನೇಲೂ ಹೆಂಗಸರಿದ್ದಾರೆ. ಗಂಟೆಗೊಂದು ಪ್ಯಾಡ್ ಬದಲಿಸೋ ಹಾಗೆ ಆಗ್ತಿದ್ರೆ, ಏಳು ದಿನ ದಾಟಿದ್ರೆ, ದೊಡ್ಡ ದೊಡ್ಡ ಹೆಪ್ಪು ಬೀಳ್ತಿದ್ರೆ, ಏದುಸಿರು ಇಲ್ಲ ತಲೆಸುತ್ತು ಇದ್ರೆ, ಮುಟ್ಟಿನ ನಡುವೆ ರಕ್ತ ಕಂಡ್ರೆ, ಕಷಾಯದ ಯೋಚನೆ ಆಮೇಲೆ, ಮೊದಲು ಡಾಕ್ಟರ್. ಮುಟ್ಟು ನಿಂತು ವರ್ಷ ಕಳೆದ ಮೇಲೆ ಅಮ್ಮನಿಗೋ ಅತ್ತೆಗೋ ಒಂದು ಹನಿ ರಕ್ತ ಕಂಡ್ರೂ ತಡ ಮಾಡಬೇಡಿ. ಸರ್ಕಾರಿ ಆಸ್ಪತ್ರೇಲೂ ಇದನ್ನ ನೋಡ್ತಾರೆ.

ಅಶೋಕಾರಿಷ್ಟ ತಗೊಳ್ಳೋರಿಗೆ ಎರಡು ಮಾತು. ಅದರಲ್ಲಿ ಬೆಲ್ಲ ಬಹಳ, ಶುಗರ್ ಇರೋರು ವೈದ್ಯರನ್ನ ಕೇಳದೆ ತಗೋಬಾರದು. ಆಲ್ಕೋಹಾಲ್ ಇದೆ, ಬಸುರಿಯರು ತಾವಾಗೇ ತಗೋಬಾರದು. ‘ನ್ಯಾಚುರಲ್’ ಅಂತ ಲೇಬಲ್ ಮೇಲೆ ಬರೆದ ಮಾತ್ರಕ್ಕೆ ಲೆಕ್ಕವಿಲ್ಲದೆ ಕುಡಿಯೋ ಜ್ಯೂಸ್ ಅಲ್ಲ ಅದು. ಮತ್ತೆ ಗೇಟಿನ ಅಶೋಕವೂ ವಿಷದ ಮರ ಅಂತ ನಾನು ಹೇಳ್ತಿಲ್ಲ. ಅದರ ತೊಗಟೆಯನ್ನ ಕೆಲವು ಕಡೆ ಜ್ವರಕ್ಕೆ ಬಳಸೋ ಬೇರೆಯದೇ ಪದ್ಧತಿ ಇದೆ. ಆದ್ರೆ ಅದು ಇದಕ್ಕೆ ಬದಲಿ ಅಲ್ಲ.

ಗುರುತು ಹಿಡಿಯೋದು ಹೇಗೆ, ಉಳಿಸೋದು ಹೇಗೆ?

ಒಣ ತೊಗಟೆಯನ್ನ ನೋಡಿ ಗುರುತು ಹಿಡಿಯೋ ಸುಳಿವುಗಳನ್ನ ಭಾರತದ ಆಯುರ್ವೇದ ಫಾರ್ಮಕೋಪಿಯಾ ಕೊಟ್ಟಿದೆ. ಅಸಲಿ ಚಕ್ಕೆ ಕಾಲುವೆ ಹಾಗೆ ಒಳಕ್ಕೆ ಬಾಗಿರುತ್ತೆ. ಹೊರಗೆ ಕಡು ಹಸಿರು ಇಲ್ಲ ಹಸಿರು ಮಿಶ್ರಿತ ಬೂದು, ಅದರ ಮೇಲೆ ದುಂಡನೆ ಚುಕ್ಕೆಗಳು. ಒಳಗೆ ಕೆಂಪು ಕಂದು, ಉದ್ದುದ್ದಕ್ಕೆ ಸಣ್ಣ ಎಳೆಗಳು. ಮುರಿದ್ರೆ ಸಿಬಿರು ಸಿಬಿರಾಗಿ ಮುರಿಯುತ್ತೆ, ಹೊರ ಪದರದ ಕೆಳಗೆ ತೆಳ್ಳಗೆ ಬಿಳಿಯ ಗೆರೆ ಕಾಣುತ್ತೆ. ರುಚಿ ಒಗರು. ಇದು ಶುರುವಿನ ಪರೀಕ್ಷೆ ಮಾತ್ರ. ಪಕ್ಕಾ ಹೇಳೋಕೆ ಸೂಕ್ಷ್ಮದರ್ಶಕ, ರಾಸಾಯನಿಕ ಪರೀಕ್ಷೆ, ಡಿಎನ್‌ಎ ಬೇಕು. ಪುಡಿಯಾಗಿದ್ರೆ ಕಣ್ಣಿಂದ ಹೇಳೋಕೆ ಆಗೋದೇ ಇಲ್ಲ. ಅದಕ್ಕೇ ಬಿಡಿಯಾಗಿ ಸಿಗೋ ಪುಡಿಯನ್ನ ತಗೋಬೇಡಿ ಅಂತ ನಾನು ಹೇಳೋದು.

ಇಲ್ಲಿ ಕೊಳ್ಳುವವರಾದ ನಮ್ಮಿಂದ ಆಗೋದು ಇಷ್ಟೇ ಅಂತ ನನಗೆ ಅನ್ನಿಸುತ್ತೆ: ಕೇಳೋದು. ಆನ್‌ಲೈನ್‌ನಲ್ಲಿ ಇಯರ್‌ಬಡ್ಸ್ ತಗೊಳ್ಳೋವಾಗ ನಾವು ಇನ್ನೂರು ರಿವ್ಯೂ ಓದ್ತೀವಿ. ಹೊಟ್ಟೆಗೆ ಹೋಗೋ ಔಷಧಿಗೆ ಒಂದು ಇಮೇಲ್ ಬರೆಯಬಹುದು. ‘ನಿಮ್ಮ ಅಶೋಕದ ತೊಗಟೆ ಎಲ್ಲಿಂದ ಬರುತ್ತೆ, ಯಾವ ಪರೀಕ್ಷೆ ಮಾಡ್ತೀರ, ಕೃಷಿ ಮಾಡಿದ್ದಾ ಕಾಡಿಂದ ತಂದಿದ್ದಾ?’ ಅಂತ. ಉತ್ತರ ಕೊಡೋ ಕಂಪನಿಗೆ ಸ್ವಲ್ಪ ಜಾಸ್ತಿ ದುಡ್ಡು ಕೊಡೋಣ. ಅಕರ್ಲಾಫ್ ಹೇಳಿದ ಆ ಬಲೆಯಿಂದ ಹೊರಗೆ ಬರೋಕೆ ದಾರಿ ಅದೇ, ಒಳ್ಳೇ ಸರಕು ತಾನು ಒಳ್ಳೇದು ಅಂತ ತೋರಿಸಿಕೊಳ್ಳೋ ಹಾಗೆ ಆಗಬೇಕು, ಅದಕ್ಕೆ ಬೆಲೆಯೂ ಸಿಗಬೇಕು. ಆಗ ಮಲೆನಾಡಿನ ರೈತ ತೋಟದ ಅಂಚಲ್ಲಿ, ಹಳ್ಳದ ಪಕ್ಕ ನಾಲ್ಕು ಸೀತಾ ಅಶೋಕ ಹಾಕೋಕೆ ಯೋಚನೆ ಮಾಡ್ತಾನೆ.

ಜಾಗ ಇದ್ರೆ ನೀವೂ ಹಾಕಿ. ನರ್ಸರೀಲಿ ಬರೀ ‘ಅಶೋಕ’ ಅಂತ ಕೇಳಿದ್ರೆ ಕಂಬದ ಮರವನ್ನೇ ಕೊಡ್ತಾರೆ, ‘ಸೀತಾ ಅಶೋಕ’ ಅಂತ ಕೇಳಿ, ಜೋಡಿ ಎಲೆ ನೋಡಿ ತನ್ನಿ. ಬೀಜದಿಂದ ಮಾಡೋದಾದ್ರೆ ಬಿದ್ದ ಬೀಜವನ್ನ ಬೇಗ ನೆಡಬೇಕು, ಒಣಗಿಸಿ ಮುಂದಿನ ವರ್ಷಕ್ಕೆ ಅಂತ ಇಟ್ರೆ ಮೊಳೆಯೋ ಶಕ್ತಿ ಹೋಗುತ್ತೆ. ಎಳೇ ಗಿಡಕ್ಕೆ ಅರೆ ನೆರಳು, ತೇವ ಬೇಕು. ನೆಟ್ಟ ಮೇಲೆ ತೊಗಟೆಯ ಆಸೆ ಬಿಟ್ಟುಬಿಡಿ. ಹೂ ನೋಡಿ, ನೆರಳಲ್ಲಿ ಕೂತ್ಕೊಳ್ಳಿ. ನಿಮ್ಮ ಬಡಾವಣೆಯ ಮಕ್ಕಳಿಗೆ ಅಸಲಿ ಅಶೋಕ ಯಾವುದು ಅಂತ ಗೊತ್ತಾದ್ರೆ ಅದೇ ಲಾಭ.

ಇಷ್ಟು ಇವತ್ತಿಗೆ. ನಿಮ್ಮ ಊರಲ್ಲಿ ಸೀತಾ ಅಶೋಕ ಇದ್ರೆ ಎಲೆ, ಹೂ ಎರಡೂ ಕಾಣೋ ಹಾಗೆ ಒಂದು ಫೋಟೋ ತೆಗೆದು ಕಳಿಸಿ. ಕಾಡಲ್ಲಿರೋ ಮರವಾದ್ರೆ ಜಾಗದ ಹೆಸರು ಹಾಕಬೇಡಿ, ಲೊಕೇಶನ್ ಆಫ್ ಮಾಡಿ ಕಳಿಸಿ. ಯಾಕೆ ಅಂತ ಇಷ್ಟು ಹೊತ್ತು ಕೇಳಿದ ಮೇಲೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮುಂದಿನ ವಾರ ಸಿಗೋಣ. ನಮಸ್ಕಾರ.